ದೇವೀರಿ ಬರೆದ ಮೂರು ನಾಯಿಗಳು

ಬಹಳ ಬಹಳ ಹಿಂದೆ, ಮಂಜಾವತಿ ಅನ್ನುವ ಒಂದು ರಾಜ್ಯದಲ್ಲಿ ಮನೆಗೊಂದು ನೆನಪುಗನ್ನಡಿ ಇತ್ತು. ಅದರ ಮುಂದೆ ಯಾರು ನಿಂತರೂ ಆ ಗಳಿಗೆಯ ರೂಪ ಅದರೊಳಗೇ ಉಳಿದುಬಿಡುತ್ತಿತ್ತು. ಜನ ಅದರ ಮುಂದೆ ಮಕ್ಕಳನ್ನು ನಿಲ್ಲಿಸಿದರು, ಮದುಮಕ್ಕಳನ್ನು ನಿಲ್ಲಿಸಿದರು, ಎಲ್ಲರಿಗಿಂತ ಹೆಚ್ಚಾಗಿ ತಮ್ಮ ನಾಯಿಗಳನ್ನು ನಿಲ್ಲಿಸಿದರು. ಏನು ಮಾಡೋಣ, ಆ ಊರಿನವರಿಗೆ ನಾಯಿ ಅಂದರೆ ಪ್ರಾಣ.

ಅಂಥ ಕನ್ನಡಿ ತಂದುಕೊಟ್ಟರೆ, ಅದನ್ನು ನೋಡಿಕೊಂಡು ನೀರುಬಣ್ಣದಲ್ಲಿ ನಾಯಿಯ ಚಿತ್ರ ಬರೆದುಕೊಡುವವಳು ದೇವೀರಿ. ಸಿಡುಕಿ. ಆದರೆ ಅವಳು ಬರೆದ ನಾಯಿಯನ್ನು ಕಂಡರೆ ಕರೆದು ರೊಟ್ಟಿ ಹಾಕೋಣ ಅನ್ನಿಸುತ್ತಿತ್ತು.

ಅದೇ ರಾಜ್ಯದ ಗುಡ್ಡದ ಮೇಲೆ ಗೂಢಕ ಅನ್ನುವ ಮಾಂತ್ರಿಕನಿದ್ದ. ಅವನು ಯಾವ ವೇಷ ಹಾಕಿ ಕದಿಯಲು ಬಂದರೂ ನಾಯಿಗಳು ಮೂಸಿ, ಬೊಗಳಿ, ಊರೆಲ್ಲ ಎಬ್ಬಿಸಿಬಿಡುತ್ತಿದ್ದವು. ರೋಸಿಹೋದ ಗೂಢಕ ಒಂದು ದಿನ ರಾಜ್ಯದ ಅಷ್ಟೂ ನಾಯಿಗಳನ್ನು ಮಂಜು ಮಾಡಿ ಗುಡ್ಡಕ್ಕೆ ಕಟ್ಟಿಹಾಕಿದ. ಊರು ಬಿಕೋ ಅಂದಿತು. ಮಕ್ಕಳು ಉಣ್ಣಲಿಲ್ಲ. ದೊಡ್ಡವರೂ ಉಣ್ಣಲಿಲ್ಲ, ಹೇಳಿಕೊಳ್ಳಲಿಲ್ಲ ಅಷ್ಟೇ.

ದೇವೀರಿ ಕುಂಚ ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡ ಹತ್ತಿ, ನಾಯಿಗಳನ್ನು ಬಿಡು ಅಂದಳು. ಗೂಢಕನಿಗೆ ನಗು ಬಂತು.

"ಮೂರು ನಾಯಿ ಬರಿ. ಯಾವುವು ಅಂತ ನಾನು ಹೇಳ್ತೀನಿ. ಒಡೆಯರು ಮನಸಾರೆ 'ಇದು ನನ್ನದೇ' ಅಂದರೆ ಎಲ್ಲವನ್ನೂ ಬಿಡ್ತೀನಿ. ಒಬ್ಬರು ಸುಳ್ಳಾಡಿದರೂ, ಒಬ್ಬರು ಅಲ್ಲ ಅಂದರೂ ಈ ಮಂಜು ಕರಗಿ ಹೋಗುತ್ತೆ. ಆಮೇಲೆ ಈ ರಾಜ್ಯದಲ್ಲಿ ನಾಯಿಯೇ ಇರಲ್ಲ."

ದೇವೀರಿ ಒಪ್ಪಿದಳು. ಒಪ್ಪದೆ ಗತಿ ಏನಿತ್ತು?

ಮೊದಲನೆಯದು ರಾಜ ವೀರಸೋಮನ ಬೇಟೆನಾಯಿ ಸಿಡಿಲ. ಕನ್ನಡಿಯಲ್ಲಿ ನೋಡಿದರೆ ಅದು ರಾಜನ ಪಾದರಕ್ಷೆ ಕಚ್ಚಿಕೊಂಡು ಕೂತಿದೆ. ಮಂತ್ರಿಗಳು ಓಡಿಬಂದು, ಅರಮನೆಯ ಮಾನ ಉಳಿಸಮ್ಮಾ, ಅದರ ಬಾಯಲ್ಲಿ ಹುಲಿಯ ಬಾಲ ಬರಿ ಅಂದರು. ದೇವೀರಿ ಅವರನ್ನು ಬಾಗಿಲಾಚೆ ನಿಲ್ಲಿಸಿ ಪಾದರಕ್ಷೆಯನ್ನೇ ಬರೆದಳು. ರಾಜ ನೋಡಿದ. ಸಭೆಯ ಮುಂದೆಯೇ ಕಣ್ಣೊರೆಸಿಕೊಂಡು, ಇದು ನನ್ನದೇ ಅಂದ.

ಎರಡನೆಯದು ಶೆಟ್ಟರ ಹೆಂಡತಿ ಗೌರಾಂಬೆಯ ಗುಂಡ. ಅದು ಕನ್ನಡಿಯ ಮುಂದೆ ಗಳಿಗೆಯೂ ಸುಮ್ಮನೆ ನಿಂತದ್ದಲ್ಲ. ಮುಖ ಇದೆ, ಹೊಟ್ಟೆ ಇದೆ, ಬಾಲ ಇರಬೇಕಾದ ಕಡೆ ಬರೀ ಮಸುಕು. ನಾಯಿಗೆ ಬಾಲ ಬರಿಯದಿದ್ದರೆ ಹೇಗೆ ಅಂತ ನೆರೆಯವರೆಲ್ಲ ತಲೆಗೊಂದು ಬಾಲ ಸೂಚಿಸಿದರು. ದೇವೀರಿ ಕಾಗದವನ್ನು ಅಲ್ಲಿ ಒದ್ದೆ ಮಾಡಿ, ಬಣ್ಣದ ಒಂದು ಹನಿ ಬಿಟ್ಟು, ಅದು ಹರಡಿದಷ್ಟು ಹರಡಲಿ ಅಂತ ಕೈಕಟ್ಟಿ ಕೂತಳು. ಗೌರಾಂಬೆ ನೋಡಿ, ನನ್ನನ್ನು ಕಂಡರೆ ಅದರ ಬಾಲ ನಿಂತದ್ದನ್ನು ನಾನೇ ನೋಡಿಲ್ಲವಲ್ಲೇ, ಇದು ನನ್ನದೇ ಅಂತ ಬಿಕ್ಕಿದಳು.

ಗೂಢಕನ ಮುಖ ಕಪ್ಪಿಟ್ಟಿತು. ಮೂರನೆಯದಕ್ಕೆ ಅವನು ಹಗ್ಗ ಹೊಸೆಯುವ ಸಿದ್ದಜ್ಜನ ಹೆಸರು ಹೇಳಿದ. ಸಿದ್ದಜ್ಜ ಹುಟ್ಟುಕುರುಡ. ಊರಿಗೆಲ್ಲ ಇದ್ದರೂ ಅವನ ಮನೆಯಲ್ಲಿ ಮಾತ್ರ ಕನ್ನಡಿ ಇರಲಿಲ್ಲ. ಬೇರೆ ಯಾರನ್ನೂ ಕೇಳಕೂಡದು ಅಂತಲೂ ಗೂಢಕ ಕಟ್ಟಪ್ಪಣೆ ಮಾಡಿದ.

ದೇವೀರಿ ಅಜ್ಜನ ಪಕ್ಕ ಕೂತು ಕೇಳಿದಳು. ಅಜ್ಜ ಗಾಳಿಯಲ್ಲೇ ನಾಯಿಯನ್ನು ಸವರುತ್ತಾ ಹೇಳಿದ. ಹೆಸರು ಮರಿ, ಮುದಿಯಾದರೂ ಮರಿಯೇ. ಎಡಗಿವಿ ಹರಿದಿದೆ. ಬೆನ್ನ ಮೇಲೆ ಕೂದಲಿಲ್ಲದ ಒಂದು ಜಾಗ, ಅಲ್ಲಿ ತುರಿಸಿದರೆ ಹಿಂಗಾಲು ಕುಣಿಸುತ್ತದೆ. ಬಣ್ಣ ಅಂದಾಗ ಮಾತ್ರ ಅಜ್ಜನ ಕೈ ಗಾಳಿಯಲ್ಲೇ ನಿಂತಿತು. ದೇವೀರಿ ಬಂದದ್ದು ಬರಲಿ ಅಂತ ಕಂದು ಬಣ್ಣ ಕಲಸಿಕೊಂಡಳು.

ಬರೆದು ಮುಗಿಸುವ ಹೊತ್ತಿಗೆ ಗೂಢಕ ಬಂದು ನಿಂತ. "ಕಣ್ಣಿಲ್ಲದವನು ಅದು ಹೇಗೆ ನನ್ನದು ಅಂತಾನೋ ನೋಡೋಣ," ಅಂದ.

ಆರದ ಚಿತ್ರವನ್ನು ಯಾರಾದರೂ ಮುಟ್ಟಹೋದರೆ ಕುಂಚದ ಹಿಡಿಯಿಂದ ಬಾರಿಸುವವಳು ದೇವೀರಿ. ಅಂದು ಅವಳೇ ಅಜ್ಜನ ಕೈ ಹಿಡಿದು ಕಾಗದದ ಮೇಲಿಟ್ಟಳು. ಅಜ್ಜನ ಬೆರಳು ತಡವುತ್ತಾ ಹೋಗಿ ಮೂಗಿನ ಮೇಲೆ ನಿಂತಿತು. ಅಲ್ಲಿ ಬಣ್ಣ ಇನ್ನೂ ಹಸಿಯಾಗಿತ್ತು, ತಣ್ಣಗಿತ್ತು.

"ಒದ್ದೆಯಾಗಿದೆ," ಅಂದ ಸಿದ್ದಜ್ಜ. "ದಿನಾ ಬೆಳಿಗ್ಗೆ ಇದೇ ಮೂಗಿಟ್ಟು ನನ್ನನ್ನ ಎಬ್ಬಿಸ್ತಿದ್ದ. ಇದು ನನ್ನದೇ, ತಾಯಿ."

ಗುಡ್ಡದ ಮಂಜು ಒಡೆಯಿತು. ಅಷ್ಟೂ ನಾಯಿಗಳು ಬೊಗಳುತ್ತಾ ಇಳಿದು ಬಂದವು. ಗೂಢಕನ ಮಂತ್ರವೆಲ್ಲ ಉದುರಿಹೋಗಿ, ಅವನು ಪಂಚೆ ಎತ್ತಿಕೊಂಡು ಗಡಿ ದಾಟುವವರೆಗೂ ಓಡಿದ. ಮತ್ತೆ ಇತ್ತ ತಲೆ ಹಾಕಲಿಲ್ಲ. ಅಂದು ಮಂಜಾವತಿಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡರು, ಅಂದಿನಿಂದ ಸುಖವಾಗಿಯೇ ಇದ್ದಾರೆ.

ಮರಿ ಎಲ್ಲಕ್ಕಿಂತ ಹಿಂದೆ, ಕುಂಟುತ್ತಾ ಬಂದು ಅಜ್ಜನ ಮಡಿಲಿಗೆ ಬಿತ್ತು. ನೋಡಿದರೆ ಅಚ್ಚ ಬಿಳಿ! ದೇವೀರಿಗೆ ನಾಚಿಕೆಯಾಯಿತು. ಅಜ್ಜನ ಹತ್ತಿರ ಹೋಗಿ, ನಾನು ಬಣ್ಣ ತಪ್ಪು ಬರೆದೆ ಅಂತ ಮೆಲ್ಲಗೆ ಒಪ್ಪಿಕೊಂಡಳು.

ಸಿದ್ದಜ್ಜ ಮರಿಯ ಹರಿದ ಕಿವಿ ಸವರುತ್ತಾ ಅಂದ, "ನನಗೂ ಗೊತ್ತಿಲ್ಲ, ಇದಕ್ಕೂ ಗೊತ್ತಿಲ್ಲ. ನೀನ್ಯಾಕಮ್ಮ ಚಿಂತೆ ಮಾಡ್ತೀಯ?"