ಬಿಸಿಲು ಕಾಣದ ಬ್ರೊಕೋಲಿ

“ಇದು ನಿಮ್ಮ ಹೊಲದ್ದಲ್ಲ. ಎಲ್ಲೋ ಮಂಡಿಯಲ್ಲಿ ಉಳಿದ ಹಳೆ ಮಾಲು.”

ಸದಾಶಿವ ಪೇಠದ ಹೋಟೆಲಿನ ಹಿಂಬಾಗಿಲಲ್ಲಿ ನಿಂತು ಕುಶಲ ಹಾಗೆಂದಾಗ ತ್ರಿವೇಣಿ ಕೊನೆಯ ಬುಟ್ಟಿ ಇಳಿಸುತ್ತಿದ್ದಳು. ಅವಳ ಮುಂದೆ ಆರು ಬುಟ್ಟಿ ಬ್ರೊಕೋಲಿ. ಹಸಿರಾಗಿರಬೇಕಿದ್ದ ಹೂಗಳು ಮಸುಕು ಹಳದಿಯಾಗಿದ್ದವು.

“ನಸುಕಿನ್ಯಾಗ ನಾನೇ ಕೊಯ್ದು ತಂದೀನ್ರಿ.”

“ದಿನಾ ನೋಡುವವ ನಾನು, ಮಾರಾಯ್ರೆ. ತಾಜಾ ಮಾಲು ಹಳದಿ ಇರುದಿಲ್ಲ.”

ಮಾಲು ಚೆನ್ನಾಗಿದ್ದರೆ ವಾರವಾರವೂ ಕೊಳ್ಳುತ್ತೇನೆಂದು ಹೋಟೆಲಿನ ಒಡತಿ, ಕುಶಲನ ಸೋದರತ್ತೆ ಉಮಾವತಿ, ಮಾತು ಕೊಟ್ಟಿದ್ದರು. ಆದರೆ ತರಕಾರಿ ಆರಿಸುವವನು ಅವನೇ.

ನಾನು ಸುಳ್ಳಿಯೇ...? ಬುಟ್ಟಿಗಳನ್ನು ಅಲ್ಲೇ ಬಿಟ್ಟು ತ್ರಿವೇಣಿ ನಡೆದುಬಿಟ್ಟಳು.

ಅದು ೧೯೯೭ರ ಚಳಿಗಾಲ. ಅವಳ ಅಪ್ಪ ಮುರುಗೆಪ್ಪನವರದು ಧನಕವಡಿಯಲ್ಲಿ ಕಿರಾಣಿ ಅಂಗಡಿ, ಕಾತ್ರಜ್ ಘಾಟಿನಾಚೆ ಅರ್ಧ ಎಕರೆ ಹೊಲ. ಆರು ಸಾಲು ಬ್ರೊಕೋಲಿ ಬೆಳೆದು ತೋರಿಸು, ಗೆದ್ದರೆ ಹೊಲ ನಿನ್ನ ಕೈಗೆ, ಸೋತರೆ ಬೇರೆಯವರಿಗೆ ಗುತ್ತಿಗೆಗೆ ಎಂದಿದ್ದರು.

ಸಸಿ ಮಾರಿದವನು ಹೂಕೋಸಿನ ಹಾಗೇ ಬೆಳೆಸಿ ಎಂದಿದ್ದ. ಅವಳು ಅಕ್ಷರಶಃ ಹಾಗೇ ಮಾಡಿದ್ದಳು. ಹೂಕೋಸು ಬೆಳ್ಳಗಿರಲೆಂದು ಅದರ ಎಲೆಗಳನ್ನೇ ಮೇಲೆಳೆದು ಮುಚ್ಚುತ್ತಾರಲ್ಲ, ಹಾಗೆ ಪ್ರತಿ ಬ್ರೊಕೋಲಿಗೂ ಎಲೆಯ ಕುಲಾವಿ ಹೊದಿಸಿ, ಅವ್ವನ ಹಳೆ ಸೀರೆಯ ಚೂರಿನಿಂದ ಕಟ್ಟಿದ್ದಳು. ಒಂದೊಂದು ಗಂಟು ಹಾಕುವಾಗಲೂ ಶಿವನನ್ನು ನೆನೆದಿದ್ದಳು.

ಅವಳು ಹೋದ ಮೇಲೆ ಕುಶಲ ಒಂದು ಬುಟ್ಟಿ ಸುರಿದ. ದಂಟಿನ ಕೊಯ್ದ ಬಾಯಲ್ಲಿ ಇನ್ನೂ ನೀರು ಜಿನುಗುತ್ತಿತ್ತು. ತಳದಲ್ಲಿ ಒಂದು ಎಲೆ, ಅದರ ಸುತ್ತ ಸೀರೆಚೂರಿನ ಗಂಟು.

ಹೂಕೋಸಿನ ಹೊಲಗಳನ್ನು ಕಂಡವನಿಗೆ ಅಷ್ಟು ಸಾಕಾಯಿತು. ದೇವರೇ, ಎಂಥ ಮಾತಾಡಿಬಿಟ್ಟೆ...

ಮರುದಿನ ಬೆಳಿಗ್ಗೆ ಅವನ ಸ್ಕೂಟರ್ ಘಾಟು ಹತ್ತಿ ಇಳಿಯಿತು. ಹೊಲದಲ್ಲಿ ತ್ರಿವೇಣಿ ಮೊದಲ ಗಿಡವನ್ನು ಬೇರುಸಹಿತ ಕೀಳುತ್ತಿದ್ದಳು. ಹೂ ಕೊಯ್ದ ಮೇಲೆ ಹೂಕೋಸಿನ ಗಿಡದಲ್ಲಿ ಮತ್ತೇನಿರುತ್ತದೆ?

“ಕೀಳಬೇಡಿ,” ಎಂದ ಬದುವಿನಿಂದಲೇ.

“ಯಾಕ್ರಿ? ಇನ್ನೊಮ್ಮಿ ಸುಳ್ಳಿ ಅನ್ನಿಸ್ಕೊಳ್ಳಾಕ?”

ಅವನು ತಲೆ ತಗ್ಗಿಸಿ ಕ್ಷಮೆ ಕೇಳಿದ. ಬ್ರೊಕೋಲಿಗೆ ಬಿಸಿಲು ಬೇಕು, ಮುಚ್ಚಿದರೆ ಹಳದಿಯಾಗುತ್ತದೆ ಎಂದು ತಿಳಿಸಿದ. ಮತ್ತೆ ಗಿಡದೆದುರು ಕುಕ್ಕರಗಾಲಲ್ಲಿ ಕೂತು ಎಲೆಯ ಸಂದು ತೋರಿಸಿದ. ಅಲ್ಲಿ ಹೆಸರುಕಾಳಿನಷ್ಟು ಹಸಿರು ಮೊಗ್ಗು.

“ಹೂಕೋಸು ಒಂದೇ ಸಲ. ಇದು ಕೊಯ್ದ ಮೇಲೂ ಬರ್ತದೆ. ಪಂಚಗಣಿಯಲ್ಲಿ ನಾನೇ ನೋಡಿದ್ದೇನೆ.”

ದೇವರ ದಯೆ ಕೆಲವೊಮ್ಮೆ ಅಷ್ಟೇ ಚಿಕ್ಕದಾಗಿ ಕಾಣಿಸಿಕೊಳ್ಳುತ್ತದೆ. ತ್ರಿವೇಣಿ ಅಪ್ಪನ ಹತ್ತಿರ ಒಂದು ತಿಂಗಳ ಗಡುವು ಬೇಡಿಕೊಂಡಳು.

ಹೋಟೆಲಿಗೆ ರಜೆಯಿದ್ದ ಸೋಮವಾರಗಳಲ್ಲಿ ಕುಶಲ ಬಂದು ನೀರು ಕಟ್ಟಿದ. ಮೊದಲ ವಾರ ಇಡ್ಲಿ ತಂದ. ಸೋಮವಾರ ಶಿವನ ಹೆಸರಿನಲ್ಲಿ ಅವಳದು ಒಪ್ಪೊತ್ತು, ಸಂಜೆಯವರೆಗೆ ಉಪವಾಸ; ಇಡ್ಲಿ ಮುಟ್ಟಲಿಲ್ಲ. ಮುಂದಿನ ವಾರ ಬರಿಗೈಯಲ್ಲಿ ಬಂದ. ಅವನೂ ಉಂಡಿರಲಿಲ್ಲ.

“ನಿಮಗ್ಯಾಕ್ರಿ ಉಪವಾಸ?”

“ನಿಮ್ಮನ್ನು ಬಿಟ್ಟು ತಿನ್ಲಿಕ್ಕೆ ಆಗುದಿಲ್ಲ.”

ಆ ದಿನವೆಲ್ಲ ಆ ಮಾತು ಅವಳ ಒಳಗೇ ಓಡಾಡುತ್ತಿತ್ತು...

ತಿಂಗಳು ತುಂಬುವಷ್ಟರಲ್ಲಿ ಆರೂ ಸಾಲಿನಲ್ಲಿ ಕಡುಹಸಿರು ಗೊಂಚಲು. ಉಮಾವತಿಯವರೇ ನೋಡಿ, ವಾರಕ್ಕೆರಡು ಬುಟ್ಟಿ ಬೇಕೆಂದರು. ಮುರುಗೆಪ್ಪನವರು ಒಂದು ಹೂ ಕೈಯಲ್ಲಿ ತಿರುಗಿಸಿ ನೋಡಿ, ಮುಂದಿನ ಹಂಗಾಮಿಗೆ ಸಸಿ ಎಷ್ಟು ತರಬೇಕೆಂದು ಮಗಳನ್ನೇ ಕೇಳಿದರು.

ಅದೇ ಹಿಂಬಾಗಿಲಲ್ಲಿ ಖಾಲಿ ಬುಟ್ಟಿ ಕೊಡುವಾಗ ಕುಶಲ ಜೇಬಿನಿಂದ ಸೀರೆಚೂರಿನ ಗಂಟು ತೆಗೆದ.

“ವಾಪಸ್ ಕೊಡಬೇಕಿತ್ತು... ಮನಸ್ಸು ಬರಲಿಲ್ಲ.”

“ಅಂಥಾದ್ದೇನದ ಅದ್ರಾಗ?”

“ಒಂದು ಹೂವಿಗೆ ಇಷ್ಟು ಜೋಪಾನ ಮಾಡುವವರ ಜೊತೆ ಬದುಕಬೇಕು ಅಂತ ಆಸೆ ಹುಟ್ಟಿತು. ಇನ್ನು ಮುಚ್ಚಿಡುದಿಲ್ಲ. ನಿಮ್ಮ ಅಪ್ಪನ ಹತ್ರ ಮಾತಾಡ್ಲಾ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

“ಸೋಮವಾರ ಸಂಜೀಕ ಮನಿಗೆ ಬರ್ರಿ.”

“ಊಟ ಮಾಡಿ ಬರ್ಲಾ?”

“ಬ್ಯಾಡ್ರಿ... ಕೂಡೇ ಉಪವಾಸ ಬಿಡೂಣು.”