ಮೇಷ್ಟ್ರ ಕಾರಿಗೆ ತೆಳು ಆಯಿಲ್

ಒಂದೂರಲ್ಲಿ ಒಬ್ಬ ಗಣಿತದ ಮೇಷ್ಟ್ರಿದ್ದರು. ಅವರಿಗೆ ಒಬ್ಬಳೇ ಮಗಳು, ಒಂದೇ ಕಾರು. ಮಗಳನ್ನು ಗದರುತ್ತಿದ್ದರು, ಕಾರನ್ನು ಮಾತ್ರ ಮುದ್ದು ಮಾಡುತ್ತಿದ್ದರು.

ಮೇಷ್ಟ್ರು ತೀರಿಕೊಂಡು ಹನ್ನೊಂದು ತಿಂಗಳಾದರೂ ಮಗಳು ಅಳಲಿಲ್ಲ. ತನ್ನ ಔಷಧಿ ಅಂಗಡಿಯಲ್ಲಿ ಕೂತು ಚೀಟಿ ಓದಿದಳು, ಮಾತ್ರೆ ಕೊಟ್ಟಳು, ಮನೆಗೆ ಬಂದು ಮಲಗಿದಳು. ಎದೆಯೊಳಗೆ ಜೋಮು ಹಿಡಿದ ಹಾಗಿತ್ತು.

ಆಸ್ಪತ್ರೆಯಲ್ಲಿ ಅಪ್ಪನಿಗೆ ಕೊಟ್ಟ ಮಾತೊಂದು ಬಾಕಿಯಿತ್ತು: ಕಾರಿನ ಆಯಿಲ್ ಬದಲಿಸುವುದು. ಒಂದು ಭಾನುವಾರ ಬೆಳಿಗ್ಗೆ ಗ್ಯಾರೇಜಿಗೆ ಹೋದಳು.

"ಅಪ್ಪ ಹಾಕಿಸ್ತಿದ್ದದ್ದೇ ಹಾಕಿ. ಇಪ್ಪತ್ತು-ಐವತ್ತು. ದಪ್ಪದ್ದು."

ಮೆಕ್ಯಾನಿಕ್ ಕಾರನ್ನೊಮ್ಮೆ ನೋಡಿದ, ಅವಳನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಅವನ ಎಡಹುಬ್ಬಿಗೆ ಗ್ರೀಸ್ ಮೆತ್ತಿತ್ತು.

"ಹಾಕಲ್ಲ ರೀ. ಈ ಎಂಜಿನ್‌ಗೆ ಕಂಪನಿ ಹೇಳಿರೋದು ಐದು-ಮೂವತ್ತು, ತೆಳುವಾದದ್ದು. ಸದ್ದು ಕೇಳಬಾರದು ಅಂತ ಮೇಷ್ಟ್ರು ದಪ್ಪದ್ದು ಹಾಕಿಸ್ತಿದ್ರು. ತಣ್ಣಗಿರುವಾಗ ಅದು ಮೇಲೆ ಹತ್ತೋಷ್ಟರಲ್ಲಿ ಒಳಗೆಲ್ಲ ಉಜ್ಜಿ ಸವೆಯುತ್ತೆ. ನೀವು ಪಕ್ಕದ್ಮನೆಯವರ ಚೀಟಿ ನೋಡಿ ಮಾತ್ರೆ ಕೊಡ್ತೀರಾ?"

"ಇದನ್ನೂ ಬದಲಾಯಿಸಿಬಿಟ್ರೆ ಅಪ್ಪಂದು ಅಂತ ಏನುಳಿಯುತ್ತೆ?"

ಅವನು ಅಟ್ಟಣಿಗೆಯಿಂದ ಒಂದು ಕ್ಯಾನ್ ಇಳಿಸಿ ಧೂಳು ಒರೆಸಿದ. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಪ್ಪನ ಅಕ್ಷರ: 'ಐದು-ಮೂವತ್ತು. ಮುಂದಿನ ಸಲ ಇದೇ. ಹುಡುಗ ಹೇಳಿದ್ದು ಸರಿ. ಹತ್ತಕ್ಕೆ ಒಂಬತ್ತು.'

"ಒಂದು ಮಾರ್ಕ್ಸ್ ಯಾಕೆ ಕಟ್?"

"ಎದುರು ಮಾತಾಡಿದ್ದಕ್ಕಂತೆ."

ಅವಳು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ನೀವು ಫೋನ್ ಮಾಡಿದ್ರೆ ನಾನು ಬರ್ತಿದ್ದೆನಲ್ಲ."

"ಕಾರಿಗೋಸ್ಕರ ಕರೀತಿದೀನಿ ಅಂದಿದ್ರೆ ಸುಳ್ಳಾಗ್ತಿತ್ತು."

ಅವಳು ತಲೆ ಎತ್ತಿದಳು. ಅವನು ಕ್ಯಾನಿನ ಮುಚ್ಚಳವನ್ನೇ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು.

"ನನಗೀಗ ಏನೂ ಅನ್ನಿಸ್ತಿಲ್ಲ ರೀ. ಯಾವುದಕ್ಕೂ."

"ಗೊತ್ತು. ನನಗೇನೂ ಅವಸರ ಇಲ್ಲ. ಬನ್ನಿ, ಹಳೇದು ಇಳಿಸೋಣ. ಹೊಸದನ್ನ ನೀವೇ ಸುರೀರಿ."

ಹಳೆಯದು ಖಾಲಿಯಾದ ಮೇಲೆ ಅವಳು ಸುರಿದ ಜೇನಿನ ಬಣ್ಣದ ಹೊಸ ಎಣ್ಣೆ ಸದ್ದಿಲ್ಲದೆ ಎಂಜಿನ್ನಿಗೆ ಇಳಿಯಿತು. ಕೀ ತಿರುಗಿಸಿದಳು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಆರಲಿ ಅಂತ ಅಪ್ಪ ಐದರವರೆಗೆ ಎಣಿಸುತ್ತಿದ್ದರು. ಅವಳು ಎರಡು ಅನ್ನುವ ಮೊದಲೇ ಆರಿತು.

"ಟಕ್‌ಟಕ್ ಅಂತಿದೆಯಲ್ಲ."

"ಮೊದಲಿಂದಲೂ ಇತ್ತು, ಈಗ ಕೇಳಿಸ್ತಿದೆ. ಮುಂದಿನ ಭಾನುವಾರ ಬನ್ನಿ, ಸರಿಮಾಡ್ತೀನಿ."

"ಎಷ್ಟೊತ್ತಿಗೆ?"

"ನೀವು ಬಂದಾಗ."

ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಕಾದು, ಎಣ್ಣೆಯ ಅಳತೆಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ತೆಗೆದಳು. ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು.

"ಗೆರೆ ಎಲ್ಲಿದೆ, ನೀವೇ ನೋಡಿ. ನನಗೆ ಕಾಣಿಸ್ತಿಲ್ಲ."

ಕಣ್ಣೀರು ಬಿದ್ದು ಒದ್ದೆಯಾದ ಅವಳ ಮಣಿಕಟ್ಟನ್ನು ಅವನು ಮೆಲ್ಲಗೆ ಹಿಡಿದು ಕಡ್ಡಿ ನೋಡಿದ.

"ಸರಿಯಾಗಿದೆ," ಅಂದ.