ಅಮೋಲನ ಸೈಕಲ್, ನನ್ನ ಬೆನ್ನು

ಮೈಕಿನಲ್ಲಿ ನನ್ನ ಹೆಸರು ಬರುತ್ತದೆ ಎಂದು ಹೊಸ ಅಂಗಿ ಹಾಕಿಕೊಂಡು ಬಂದಿದ್ದೆ.

"ಐಗಳಿಯ ಸ್ನೇಹಲ ಬಾಬಾಸಾಹೇಬ ಪಾಟೀಲ..." ಎಂದಿತು ಮೈಕು. ನಾನು ಉಸಿರು ಹಿಡಿದೆ. "...ಮತ್ತು ಕಾಗವಾಡದ ಅಮೋಲ ಚೌಗುಲೆ! ಜೋರಾಗಿ ಚಪ್ಪಾಳಿ ಬರ್ಲ್ರಿ!"

ಚಪ್ಪಾಳೆ ಬಿತ್ತು. ನನ್ನ ಕಪಾಳಕ್ಕೇ ಬಿದ್ದಂತಾಯಿತು.

ಕಾರಹುಣ್ಣಿಮೆಯ ಮರುದಿನ ಐಗಳಿಯಲ್ಲಿ ಜೋಡಿ ಸೈಕಲ್ ಓಟದ ಶರ್ತು. ಎತ್ತಿನ ಶರ್ತಿನ ಪದ್ಧತಿಯೇ ಇದಕ್ಕೂ. ಒಬ್ಬನ ಎತ್ತು, ಇನ್ನೊಬ್ಬನ ಎತ್ತು ಕೂಡಿಸಿ ಗಾಡಿ ಹೂಡಿದರೆ ಇಬ್ಬರ ಹೆಸರನ್ನೂ ಜೋಡಿಸಿ ಕೂಗುತ್ತಾರಲ್ಲ, ಹಾಗೆ. ಹಿಂದಿನವರ ಚಕ್ರ ಗೆರೆ ದಾಟಿದರೇ ಜೋಡಿ ಮುಟ್ಟಿದ ಲೆಕ್ಕ. ಒಬ್ಬನೇ ಓಡಿಹೋಗಿ ಗೆಲ್ಲುವ ಆಟವಲ್ಲ.

"ಹೆಸರ ನಾ ಕೊಡ್ತೀನಿ ಬಿಡು," ಎಂದಿದ್ದಳು ಸ್ನೇಹಲ. "ನಂದು ನಿಂದು ಕೂಡಿಸಿ ಕೂಗಿದ್ರ ಇಡೀ ಊರಿಗೆ ಕೇಳ್ತೈತಿ. ನಾಚಗೋಬ್ಯಾಡ ಮತ್ತ."

"ನಾ ಯಾಕ ನಾಚ್ಲಿ? ಎತ್ತ ನಾಚತಾವೇನ?"

"ನೀ ಎತ್ತ ಅಲ್ಲೋ ನಾಮ್ಯಾ, ಕ್ವಾಣ." ಹಾಗೆಂದು ಕೆಳದುಟಿ ಕಚ್ಚಿ ನಕ್ಕಿದ್ದಳು. ಆ ನಗೆಯನ್ನು ನಾನು ನಂಬಿದ್ದೆ.

ನಾನು ಪಾಲಬಾವಿಯ ನಾಮದೇವ. ಎಂಟನೆಯ ಇಯತ್ತೆಗೆ ಪಾಟಿಚೀಲ ಬಿಸಾಕಿ ಕುರಿಯ ಹಿಂದೆ ಬಿದ್ದವನು. ಬೇಸಿಗೆಯಲ್ಲಿ ಸ್ನೇಹಲಳ ಮನೆಯವರ ದ್ರಾಕ್ಷಿ ಬಳ್ಳಿ ಕತ್ತರಿಸಿದ ಮೇಲೆ, ಹೊಲಕ್ಕೆ ಗೊಬ್ಬರವಾಗಲೆಂದು ಅವಳಪ್ಪ ಅಲ್ಲಿ ನಮ್ಮ ಕುರಿ ತರುಬಿಸಿಕೊಂಡಿದ್ದ. ಒಂದು ಮುಂಜಾನೆ ಅವಳು ಸೈಕಲ್ ಹತ್ತಿ ಬಂದಳು. ಪಡುವಣ ಗಾಳಿಗೆ ಎದೆ ಕೊಟ್ಟು, ಮುಂದೆ ಹೋಗಲಾರದೆ, ಗಾಳಿಗೇ ಬೈಯುತ್ತಿದ್ದಳು.

"ಗಾಳಿಗಿ ಕಿವಿ ಇಲ್ರಿ ಬಾಯಾರ," ಎಂದೆ. "ನನ್ನ ಸೈಕಲ್ ಹಿಂದ ಹತ್ತಿ ಬರ್ರಿ. ಗಾಳಿ ನಾ ತಿಂತೀನಿ."

ಅವತ್ತಿನಿಂದ ದಿನಾ ಮುಂದೆ ನಾನು, ಹಿಂದೆ ಅವಳು. ನಮ್ಮ ಕಾಕಾ ಹಾಲು ಹಾಕಲು ಇಟ್ಟುಕೊಂಡಿದ್ದ ಹಳೇ ಸೈಕಲ್ಲು ನನ್ನದು. ಕಂಕುಳ ಕೆಳಗಿಂದ ಹಿಂದೆ ನೋಡುತ್ತಿದ್ದೆ, ಅವಳು ಹಿಂದುಳಿದಳೇನೋ ಎಂದು. ಉಳಿದರೆ ವೇಗ ಇಳಿಸುತ್ತಿದ್ದೆ. ಅವಳ ಮೂಗಿನ ಮೇಲೆ ಬೆವರ ಹನಿ ನಿಂತಿರುತ್ತಿತ್ತು. ನಾನು ನೋಡಿದ್ದು ಗೊತ್ತಾದರೆ ನಾಲಿಗೆ ಚಾಚುತ್ತಿದ್ದಳು.

"ಮುಂದ ನೋಡೋ! ತೆಗ್ಗ ಐತಿ!"

"ತೆಗ್ಗ ಹಿಂದನೂ ಐತಿ. ನಿನ್ನ ಗಲ್ಲದಾಗ."

ಒಮ್ಮೆ ಕೇಳಿದ್ದೆ, "ಅಮೋಲನಂಥಾ ಕಾರ್ಬನ್ ಸೈಕಲ್ ಬೇಕನಸೂದಿಲ್ಲೇನ?"

"ಬೆಂಕಿ ಹಚ್ಚ ಅದಕ. ಒಂದ ಟ್ರ್ಯಾಕ್ಟರ್ ರೊಕ್ಕ ಸೈಕಲ್ಲಿಗಿ ಸುರದಾನ, ಹುಚ್ಚ. ನನಗ ನಿನ್ನ ಬೆನ್ನ ಸಾಕು."

ಇಂಥ ಮಾತನ್ನು ಒಬ್ಬ ಕುರಿ ಕಾಯುವವನಿಗೆ ಹೇಳಬಾರದು. ಅವನು ಅದನ್ನು ಕಂಬಳಿಯಂತೆ ಹೊದ್ದುಕೊಂಡುಬಿಡುತ್ತಾನೆ.

ಮೈಕು ಹೆಸರು ಕೂಗಿ ಮುಗಿಸಿದ ಮೇಲೆ ನೀರಿನ ಟಾಕಿಯ ಕೆಳಗೆ ಅವಳನ್ನು ಹಿಡಿದೆ. ಪೆಡಲಿಗೆ ಸಿಕ್ಕಿಸುವ ಕೀಲು ಅಡಿಯಲ್ಲಿದ್ದ ಬೂಟು ಹಾಕಿಕೊಂಡು ಕೋಳಿಯಂತೆ ಟಕ್ ಟಕ್ ಎಂದು ನಡೆಯುತ್ತಿದ್ದಳು. ಕೈಯಲ್ಲಿ ಕರಿ ಕಾರ್ಬನ್ ಸೈಕಲ್ಲು. ಅಮೋಲನ ಹತ್ತಿರ ಅಂಥವು ಎರಡಿವೆ.

"ಏನಿದು?"

ಅವಳು ನೆಲ ನೋಡಿದಳು. "ಸಿಟ್ಟಾಗಬ್ಯಾಡ. ಜಿಲ್ಲಾ ಟೀಮಿಗಿ ಆರಸವ್ರು ಬಂದಾರ. ಗೆದ್ರ ಕರಕೊಂಡ ಹೋಗ್ತಾರ. ತನ್ನ ಜೋಡಿ ಓಡಿದ್ರ ಇದನ್ನ ಕೊಡ್ತೀನಿ ಅಂದ ಅಮೋಲ."

"ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಹಿಂಗ ನೋಡ್ತಿದ್ದಿ. ಅದಕ."

"ನಿನ್ನೆ ಮುಂಜಾನೆ ಸೈತ ನನ್ನ ಹಿಂದ ಬಂದೆಲ್ಲ! ಆವಾಗ ಗೊತ್ತಿತ್ತ ನಿನಗ?"

ಅವಳು ಬೂಟಿನ ತುದಿಯಿಂದ ಮಣ್ಣು ಕೆದರಿದಳು. ಗೊತ್ತಿತ್ತು.

"ಬೆನ್ನ ಸಾಕು ಅಂದಿದ್ದಿ. ಸುಳ್ಳಿ!"

"ಸುಳ್ಳಲ್ಲೋ. ಇದನ್ನ ಹತ್ತೋತನಾ ಖರೇನ ಇತ್ತು." ಸೈಕಲ್ಲನ್ನು ನನ್ನತ್ತ ನೂಕಿದಳು. "ಒಂದ ಸಲ ಹತ್ತಿ ನೋಡು. ಆಮ್ಯಾಲ ಬೈ."

ಬೈಯಲೆಂದೇ ಹತ್ತಿದೆ. ಎತ್ತಿದರೆ ಒಂದು ಕುರಿಮರಿಯ ಭಾರ. ಬರಿಗಾಲಲ್ಲಿ ಒಂದು ತುಳಿತ ಕೊಟ್ಟೆ. ನನ್ನ ಸೈಕಲ್ಲಿಗೆ ತುಳಿದರೆ ಮೊದಲು ಅದು ನರಳುತ್ತದೆ, ಆಮೇಲೆ ಹೋಗುತ್ತದೆ. ಇದು ನಾನು ಮನಸ್ಸು ಮಾಡುವುದರೊಳಗೇ ಹೋಗಿತ್ತು. ಶಾಲೆಯ ಏರು ಏರೆಂದೇ ಗೊತ್ತಾಗಲಿಲ್ಲ. ಅಯ್ಯೋ, ಎಷ್ಟು ಛಲೋ ಇತ್ತು! ಕೆಟ್ಟದ್ದಿದ್ದರೆ ಎಷ್ಟು ಸುಖವಿತ್ತು. ನಕ್ಕು ಬಿಸಾಕಿ ಬರಬಹುದಿತ್ತು.

ತಿರುಗಿ ಬಂದು ಅವಳ ಕೈಗೆ ಕೊಟ್ಟೆ.

"ಹೆಂಗೈತಿ?"

"ರೊಕ್ಕಕ್ಕ ತಕ್ಕಂಗ ಐತಿ," ಎಂದೆ. "ಅಮೋಲ ಹುಚ್ಚ ಅಲ್ಲ. ಹುಚ್ಚ ನಾನು."

ಅವಳ ಕಣ್ಣು ತುಂಬಿತು. ನಾನು ನಿಲ್ಲಲಿಲ್ಲ.

ಮನೆಗೆ ಹೋಗಬೇಕಿತ್ತು. ಹೋಗದೆ, ತೆಲಸಂಗ ರಸ್ತೆಯ ಬೋಳು ದಿಬ್ಬದ ಮೇಲೆ ಸೈಕಲ್ ನಿಲ್ಲಿಸಿಕೊಂಡು ನಿಂತೆ. ಶರ್ತಿನವರು ಇದೇ ರಸ್ತೆಯಲ್ಲಿ ಹೋಗಿ ತಿರುಗಿ ಬರಬೇಕು. ಹೋಗುವಾಗ ಗಾಳಿ ಬೆನ್ನಿಗೆ, ಎಲ್ಲರೂ ಹುಲಿಗಳು. ಬರುವಾಗಲೇ ಗೊತ್ತಾಗುವುದು.

ಮೊದಲು ಅಮೋಲ ಬಂದ, ಒಬ್ಬನೇ. ತಲೆಗೆ ಚೂಪು ಹೆಲ್ಮೆಟ್, ಕಣ್ಣಿಗೆ ಬಣ್ಣದ ಚಸ್ಮಾ. ಹಾವಿನಂತೆ ಸರ್ರನೆ ಹೋದ. ಒಮ್ಮೆಯೂ ಹಿಂದೆ ನೋಡಲಿಲ್ಲ.

ಬೇರೊಂದು ಜೋಡಿ ದಾಟಿಹೋದ ಮೇಲೂ ಅವಳು ಬಹಳ ಹಿಂದೆ ಇದ್ದಳು. ಬಂಗಾರದಂಥ ಸೈಕಲ್ಲು ಗಾಳಿಗೆ ಅತ್ತಿತ್ತ ಹೊಯ್ದಾಡುತ್ತಿತ್ತು. ನನ್ನನ್ನು ಕಂಡಳು.

"ನಾಮ್ಯಾ!" ದನಿ ಹರಿದಿತ್ತು. "ಮುಂದ ಬಾರೋ! ಇಲ್ಲಿ ಯಾರೂ ನೋಡೂದಿಲ್ಲ!"

ಹೊರಗಿನವರು ಗಾಳಿಗೆ ಅಡ್ಡ ಹೋದರೆ ಜೋಡಿ ಬಾದ್, ಆಟದಿಂದಲೇ ಹೊರಗೆ. ಅದಕ್ಕೆ ನಾನು ಹೆದರಲಿಲ್ಲ. ಯಾರೂ ನೋಡದ ಕಡೆ ಮಾತ್ರ ನಾನು ಬೇಕೆಂದಳಲ್ಲ, ಅದು ಚುಚ್ಚಿತು.

ಸೈಕಲ್ ಹತ್ತಿದೆ. ಅವಳ ಹಿಂದೆ ಹೋದೆ.

"ಮುಂದ ಬಾ ಅಂದ್ರ!"

"ಇವತ್ತ ನೀ ಮುಂದ. ಕೂಗಿದ್ದ ನಿನ್ನ ಹೆಸರ, ನಂದಲ್ಲ."

ಅತ್ತಳು. ಬೈದಳು. ತುಳಿದಳು. ಮೊದಲ ಸಲ ನಾನು ಅವಳ ಬೆನ್ನು ನೋಡುತ್ತಿದ್ದೆ. ಬೆವರಿಗೆ ಅಂಟಿದ ಜಡೆ, ನಡುಗುವ ಹೆಗಲು. ನನಗೆ ಗಾಳಿಯೇ ಹತ್ತುತ್ತಿರಲಿಲ್ಲ. ಇಷ್ಟು ಸುಖವಿತ್ತೇ ಹಿಂದೆ?

ಸಿಟ್ಟು ಹಾಗೇ ಇತ್ತು. ಆದರೂ ಬಾಯಿ ತಡೆಯಲಿಲ್ಲ. "ಬಗ್ಗು. ಮೊಳಕೈ ಒಳಗ ತಗೋ. ಬಲಕ್ಕ ಕಬ್ಬ ಐತಿ, ಗಾಳಿ ತಾಕದಂಗ ಅದರ ಮರಿಗಿ ಸರಿ."

ಸರಿದಳು. ಸೈಕಲ್ಲು ನೆಟ್ಟಗಾಯಿತು.

ಊರ ಹತ್ತಿರ ಮೈಕಿನ ಸದ್ದು ಕೇಳಿದಾಗ ತಿರುಗದೆ ಕೇಳಿದಳು, "ದಿನಾ ಇಷ್ಟ ಗಾಳಿ ಇತ್ತೇನೋ?"

"ಇತ್ತು."

"ಒಂದ ದಿನಾನೂ ಹೇಳ್ಲಿಲ್ಲ ನೀನು."

"ನೀನೂ ಹೇಳ್ಲಿಲ್ಲ."

ತಿರುವಿನಲ್ಲಿ ನಾನು ನಿಂತೆ. ಅವಳು ಹೋದಳು. ಅಮೋಲ ಯಾವಾಗಲೋ ಮುಟ್ಟಿ ಕೈ ಎತ್ತಿದ್ದ. ಆದರೆ ಲೆಕ್ಕ ಅವಳ ಚಕ್ರದ್ದು. ಅಷ್ಟರಲ್ಲಿ ಬೇರೆ ಜೋಡಿಯೊಂದರ ಹೆಸರು ಕೂಗಿಯಾಗಿತ್ತು. "ಇಂಥಾ ಸೈಕಲ್ ಕೊಟ್ರೂ ಗೆಲ್ಲಾಕ ಆಗ್ಲಿಲ್ಲ ನಿನಗ!" ಎಂದು ಅಮೋಲ ಎಲ್ಲರೆದುರು ಚೀರಿದ್ದು ನನಗೂ ಕೇಳಿತು.

ಅವಳು ಸೈಕಲ್ಲನ್ನು ಅವನಿಗೆ ಒಪ್ಪಿಸಿ, ಬೂಟು ಕಳಚಿ, ಬರಿಗಾಲಲ್ಲಿ ನನ್ನ ತನಕ ಬಂದಳು. ಊರೆಲ್ಲ ನೋಡುತ್ತಿತ್ತು. ಅವಳಪ್ಪನೂ ನೋಡುತ್ತಿದ್ದ.

"ನಾಳೆ ಮುಂಜಾನೆ ಬರ್ತೀಯಿಲ್ಲೋ?"

"ಇಲ್ಲ."

"ನಾ ಮುಂದ ಇರ್ತೀನಿ. ನೀ ಹಿಂದ ಬಾ."

ಅವಳ ಮೂಗಿನ ಮೇಲಿನ ಹನಿಯನ್ನು ಬೆರಳ ತುದಿಯಿಂದ ಒರೆಸಿದೆ, ಎಲ್ಲರೆದುರು. ಅಷ್ಟು ಮಾಡುವ ಹಕ್ಕು ನನಗಿತ್ತು. ಆಮೇಲೆ ಸೈಕಲ್ ಹತ್ತಿದೆ.

ನಾನು ಹೊರಟ ಅಥಣಿಯ ಕಡೆ ಎದುರು ಗಾಳಿ. ನನ್ನ ಸೈಕಲ್ಲು ಮೊದಲು ನರಳಿತು, ಆಮೇಲೆ ಹೊರಟಿತು. ಊರು ದಾಟಿದ ಮೇಲೆ ಕಂಕುಳ ಕೆಳಗಿಂದ ಹಿಂದೆ ನೋಡಿದೆ. ಹಾಳಾದ ರೂಢಿ.

ರಸ್ತೆ ಖಾಲಿ ಇತ್ತು.

ಆದರೂ ವೇಗ ಸ್ವಲ್ಪ ಇಳಿಸಿದೆ.